ಕೌದಿ ಸರಿಸಿ ಕಾಲು ನೋಡಿ: ಜ್ವರ-ಕೆಮ್ಮಿನವರಲ್ಲಿ ರಕ್ತ ಹೆಪ್ಪುಗಟ್ಟಿದರೆ

2021ರ ಮೇ ತಿಂಗಳು. ಜಮಖಂಡಿ ಹತ್ತಿರದ ನಮ್ಮೂರಿನಿಂದ ವೈನಿ ಫೋನ್ ಮಾಡಿದ್ದರು. ಕಾಕಾಗೆ ಕೊರೊನಾ ಬಂದು ಅವತ್ತಿಗೆ ಹದಿನಾರನೇ ದಿನ. ಜ್ವರ ಬಿಟ್ಟಿತ್ತು. ಕೆಮ್ಮು ಕಡಿಮೆಯಾಗಿತ್ತು. ಬೆರಳಿಗೆ ಹಾಕುವ ಮಷಿನ್ ಆಕ್ಸಿಜನ್ 96 ತೋರಿಸುತ್ತಿತ್ತು. ಮನೆಯಲ್ಲಿ ಹೋಳಿಗೆ ಮಾಡುವ ಮಾತು ನಡೆದಿತ್ತು.

"ಎಡಗಾಲು ಒಂದೀಟು ಬಾತೈತಿ ನೋಡವಾ. ಮೀನಖಂಡ ಹಿಡದಂಗ ಆಗೈತಿ ಅಂತಾರ," ಅಂದರು ವೈನಿ.

ನಾನು ಬಾಗಲಕೋಟೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದೆ, ಕಣ್ಣು ಎಳೆಯುತ್ತಿದ್ದವು. "ಮಲಗಿ ಮಲಗಿ ಉಳುಕಿರಬೇಕು ವೈನಿ, ಬಿಸಿ ಎಣ್ಣಿ ಹಚ್ಚಿ ತಿಕ್ಕರಿ," ಅಂದೆ. ತಿಕ್ಕಿದರು. ಮರುದಿನ ಬೆಳಗ್ಗೆ ಬಚ್ಚಲಿಗೆ ಹೋಗಿ ಬರುವಾಗ ಕಾಕಾ ಹೊಸ್ತಿಲ ಮೇಲೇ ಕುಸಿದು ಕುಂತರು. ಮೈಯೆಲ್ಲ ಬೆವರು, ಏದುಸಿರು, ಮಷಿನ್‌ನಲ್ಲಿ 84. ಕಾಲಿನ ರಕ್ತನಾಳದಲ್ಲಿ ಕಟ್ಟಿದ್ದ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿತ್ತು. ವಿಜಯಪುರಕ್ಕೆ ಒಯ್ದೆವು, ಉಳಿದರು.

ತಿಕ್ಕಿದ್ದರಿಂದಲೇ ಕಿತ್ತಿತು ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ತಿಕ್ಕದಿದ್ದರೂ ಕೀಳಬಹುದಿತ್ತು. ಆದರೆ ವಾರ್ಡಿನಲ್ಲಿ ದಿನವೂ ಇದನ್ನೇ ನೋಡುತ್ತಿದ್ದ ನಾನು, ನಮ್ಮ ಮನೆಯ ಕಾಲು ಬಾತಾಗ "ಉಳುಕು" ಅಂದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಜ್ವರ ಬಂದರೆ ಹಣೆ ಮುಟ್ಟುತ್ತೇವೆ, ಆಕ್ಸಿಜನ್ ನೋಡುತ್ತೇವೆ. ಕೌದಿ ಸರಿಸಿ ಕಾಲು ನೋಡುವವರು ಕಡಿಮೆ. ಅದನ್ನು ಹೇಗೆ ನೋಡಬೇಕು, ಯಾವಾಗ ಓಡಬೇಕು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು, ಇದು ಯಾಕೆ ಆಗುತ್ತದೆ

ಕೈ ಕೊಯ್ದುಕೊಂಡಾಗ ರಕ್ತ ಹೆಪ್ಪುಗಟ್ಟಲೇಬೇಕು. ಇಲ್ಲದಿದ್ದರೆ ನಿಲ್ಲುವುದೇ ಇಲ್ಲ. ಗಾಯವೇ ಇಲ್ಲದ ಕಡೆ, ನಾಳದ ಒಳಗೆ ಹೆಪ್ಪುಗಟ್ಟಿದಾಗ ತಕರಾರು ಶುರು. ಅದಕ್ಕೆ ಮೂರು ಬಗೆಯ ಕಾರಣ ಅನ್ನುವ ಲೆಕ್ಕ 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಹೆಸರಿನಲ್ಲಿ ಇಂದಿಗೂ ಪಾಠದಲ್ಲಿದೆ: ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟಲು ತುದಿಗಾಲಲ್ಲಿ ನಿಲ್ಲುವುದು.

ಹಾಲಿಗೆ ಹೆಪ್ಪು ಹಾಕಿ ಗಡಿಗೆಯನ್ನು ಅಲುಗಾಡಿಸದೆ ಬೆಚ್ಚಗೆ ಇಡುತ್ತೇವೆ, ಅಲ್ವಾ? ಜೋರು ಜ್ವರದಲ್ಲಿ ಮಲಗಿದ ಮನುಷ್ಯನದೂ ಹೆಚ್ಚುಕಡಿಮೆ ಅದೇ ಸ್ಥಿತಿ. ವೈರಸ್ ಮತ್ತು ಅದರ ವಿರುದ್ಧ ದೇಹ ಎಬ್ಬಿಸುವ ಉರಿಯೂತ ಸೇರಿ ನಾಳದ ಒಳಪದರವನ್ನು ಕೆಡಿಸುತ್ತವೆ. ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಜಾಸ್ತಿ ಮಾಡುತ್ತದೆ. ಬಾಯಿ ರುಚಿ ಇಲ್ಲ ಅಂತ ನೀರು ಕುಡಿಯುವುದಿಲ್ಲ. ಕಾಲು ಅಲುಗುವುದಿಲ್ಲ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಮೀನಖಂಡದ ಸ್ನಾಯು. ಅದು ನಿಂತರೆ ರಕ್ತವೂ ಮಡುವುಗಟ್ಟುತ್ತದೆ.

ಕೊರೊನಾದಲ್ಲಿ ಇದು ಎದ್ದು ಕಂಡಿತು, ನಿಜ. ಆದರೆ ಫ್ಲೂ, ಎಚ್1ಎನ್1 ಕೂಡ ಬಿಡುವುದಿಲ್ಲ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಲೂ ಖಚಿತವಾದ ಮೊದಲ ಏಳು ದಿನ ಹೃದಯಾಘಾತದ ಸಂಭವ ಉಳಿದ ಸಮಯಕ್ಕಿಂತ ಸುಮಾರು ಆರು ಪಟ್ಟು ಕಂಡಿತ್ತು. ನಮ್ಮ ದೇಶದಲ್ಲಿ ಫ್ಲೂ ಏರುವುದು ಎರಡು ಸಲ, ಜನವರಿಯಿಂದ ಮಾರ್ಚ್ ಮತ್ತು ಮಳೆಗಾಲ ಮುಗಿಯುವ ಹೊತ್ತು. ಹೃದಯದ ತೊಂದರೆ ಇರುವವರು ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಅಂತ ಡಾಕ್ಟರು ಹೇಳುವುದು ಸುಮ್ನೆ ಅಲ್ಲ.

"ಹೆಪ್ಪುಗಟ್ಟೋದು ಲಸಿಕೆಯಿಂದ ಅಲ್ಲೇನ್ರಿ?" ಅಂತ ಕೇಳುವವರು ಇದ್ದಾರೆ. ಕೆಲವು ಕೊರೊನಾ ಲಸಿಕೆಗಳ ನಂತರ, ಪ್ಲೇಟ್‌ಲೆಟ್ ಇಳಿದು ಹೆಪ್ಪುಗಟ್ಟುವ ಒಂದು ತೊಂದರೆ ಬಹಳ ಅಪರೂಪಕ್ಕೆ ಬಂದದ್ದು ಹೌದು. ಅದು ಕಾಣಿಸಿಕೊಂಡದ್ದು ಲಸಿಕೆಯ ನಂತರದ ಕೆಲವೇ ವಾರಗಳಲ್ಲಿ. ವರ್ಷಗಳ ಹಿಂದೆ ಹಾಕಿಸಿಕೊಂಡ ಲಸಿಕೆಯನ್ನು ಇವತ್ತಿನ ಕಾಲುಬಾವಿಗೆ ಗಂಟು ಹಾಕಿ ಕೂತರೆ, ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸುವುದು ತಡವಾಗುತ್ತದೆ, ಅಷ್ಟೇ.

ಒಂದನೇ ಹೆಜ್ಜೆ: ಮನೆಯಲ್ಲಿ ಯಾರಿಗೆ ಜಾಸ್ತಿ ಭಯ ಅಂತ ಗುರುತಿಸಿ

ಜ್ವರ ಬಂದ ಮೊದಲ ದಿನವೇ ಈ ಲೆಕ್ಕ ಹಾಕಿ. ಮೊದಲೊಮ್ಮೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದವರು ಎಲ್ಲರಿಗಿಂತ ಮುಂದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಇತ್ತೀಚೆಗೆ ಆಪರೇಷನ್ ಆದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವರು, ಲಕ್ವಾ ಹೊಡೆದವರು, ಹೃದಯ ಸೋತವರು, ತುಂಬಾ ದಪ್ಪ ಇರುವವರು, ಅರವತ್ತು ದಾಟಿದವರು ಆಮೇಲೆ.

ಬಾಣಂತಿಯರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹೆರಿಗೆಯಾದ ಮೊದಲ ಆರು ವಾರ ರಕ್ತ ತಾನಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಅದೇ ಹೊತ್ತಿನಲ್ಲಿ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡ ಇಟ್ಟು, ತಲೆಗೆ ಬಟ್ಟೆ ಕಟ್ಟಿ, "ನೀರು ಜಾಸ್ತಿ ಕುಡೀಬ್ಯಾಡ, ಹೊಟ್ಟಿ ಬರತೈತಿ" ಅನ್ನುತ್ತಾರೆ. ಮಲಗಿಸುವುದು, ಬೆವರಿಸುವುದು, ನೀರು ಕಡಿಮೆ ಮಾಡುವುದು, ಮೂರೂ ಹೆಪ್ಪಿಗೆ ಅನುಕೂಲ. ಮೇಲೆ ಜ್ವರ-ಕೆಮ್ಮು ಬಂದರೆ ಇನ್ನೂ ಜಾಸ್ತಿ. ಬಾಣಂತಿಗೆ ಬಿಡದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್ ಬಂದರೆ ಅದು ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಗಾಳಿ ಸೋಕಿದೆ ಅಂತ ದೃಷ್ಟಿ ತೆಗೆಯುತ್ತ ಕೂರಬೇಡಿ. ಆಯಿ ಸಿಟ್ಟಾದರೆ ಆಗಲಿ, ಬಾಣಂತಿಗೆ ನೀರು ಕೊಡಿ, ಮನೆಯೊಳಗೆ ಓಡಾಡಲು ಬಿಡಿ.

ಇನ್ನೊಂದು ವಿಷಯ ಹೆಣ್ಣುಮಕ್ಕಳು ಡಾಕ್ಟರಿಗೆ ಹೇಳುವುದೇ ಇಲ್ಲ. ಯಲ್ಲಮ್ಮನ ಜಾತ್ರೆಗೋ ಮನೆಯ ಮದುವೆಗೋ ಮುಟ್ಟು ಮುಂದೂಡುವ ಗುಳಿಗೆಯನ್ನು ಮೆಡಿಕಲ್ ಅಂಗಡಿಯಿಂದ ತಂದು ನುಂಗಿರುತ್ತಾರೆ. ಗರ್ಭನಿರೋಧಕ ಗುಳಿಗೆ ತಗೊಳ್ಳುವವರೂ ಇರುತ್ತಾರೆ. ಹಾರ್ಮೋನಿನ ಗುಳಿಗೆ ಹೆಪ್ಪುಗಟ್ಟುವ ಸಂಭವ ಏರಿಸಬಲ್ಲದು. ಜ್ವರಕ್ಕೆ ತೋರಿಸಲು ಹೋದಾಗ ಇದನ್ನು ಹೇಳಿ, ನಾಚಿಕೆ ಬೇಡ.

ಎರಡನೇ ಹೆಜ್ಜೆ: ಜ್ವರದ ದಿನಗಳಲ್ಲಿ ಕಾಲು ಅಲುಗಲಿ, ನೀರು ಇಳಿಯಲಿ

ಔಷಧ ಬೇಡದ ಕೆಲಸ ಇದು. ಅದಕ್ಕೇ ಯಾರೂ ಮಾಡುವುದಿಲ್ಲ.

ಮಲಗಿದಲ್ಲೇ ಎರಡೂ ಪಾದವನ್ನು ಮೂಗಿನ ಕಡೆ ಎಳೆಯಿರಿ, ಆಮೇಲೆ ಹೊಲಿಗೆ ಮಷಿನ್ ತುಳಿದ ಹಾಗೆ ಕೆಳಕ್ಕೆ ಒತ್ತಿ. ಎಚ್ಚರ ಇರುವಾಗ ಗಂಟೆಗೊಮ್ಮೆ ಇಪ್ಪತ್ತು ಸಲ. ಇಳಕಲ್ಲು, ಗುಳೇದಗುಡ್ಡ, ಬನಹಟ್ಟಿಯ ನೇಕಾರರಿಗೆ ಇದನ್ನು ಹೇಳಿಕೊಡುವುದೇ ಬೇಡ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕಾಲುಮಣಿ ತುಳಿಯುವವರು ಅವರು. ನಮ್ಮ ವಾರ್ಡಿಗೆ ಬಂದಿದ್ದ ನೇಕಾರ ಅಜ್ಜ ಒಬ್ಬರಿಗೆ "ಹಾಸಿಗೆಯಲ್ಲೇ ಮಗ್ಗ ತುಳೀರಿ ಅಜ್ಜಾರ" ಅಂದಿದ್ದೆ. ಆಮೇಲೆ ನಿಲ್ಲಿಸಿ ಅಂದರೂ ನಿಲ್ಲಿಸಲಿಲ್ಲ.

ತಲೆ ತಿರುಗದಿದ್ದರೆ ಎರಡು ಗಂಟೆಗೊಮ್ಮೆ ಎದ್ದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕಿಸಿ. ಮೊಣಕಾಲಿನ ಕೆಳಗೆ ದಿಂಬು ತುರುಕಬೇಡಿ, ಅಲ್ಲಿ ನಾಳ ಮಡಚಿಕೊಳ್ಳುತ್ತದೆ. ನೀರು, ಮಜ್ಜಿಗೆ, ತೆಳ್ಳಗಿನ ಅಂಬಲಿ, ಗಂಜಿ ಯಾವುದಾದರೂ ಸರಿ, ಸ್ವಲ್ಪ ಸ್ವಲ್ಪ ಪದೇಪದೇ ಕೊಡಿ. ಮೂತ್ರ ತಿಳಿಯಾಗಿ ಹೋಗುತ್ತಿದ್ದರೆ ನೀರು ಸಾಕಾಗುತ್ತಿದೆ ಅಂತ ಲೆಕ್ಕ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಡಾಕ್ಟರು ಹೇಳಿದ ಅಳತೆ ಮೀರಬಾರದು. ಬಾಯಲ್ಲಿ ಕುಡಿಯಬಲ್ಲವರಿಗೆ "ಒಂದ್ ಸಲಾಯಿನ್ ಹಚ್ಚಿಬಿಡ್ರಿ" ಅಂತ ಗಂಟು ಬೀಳುವುದೂ ಬೇಡ. ಸಲಾಯಿನ್ ಹಚ್ಚಿದರೆ ಅರ್ಧ ದಿನ ಮತ್ತೆ ಮಲಗಿಯೇ ಇರಬೇಕಾಗುತ್ತದೆ.

ಮಾಡಬಾರದ್ದು ಎರಡು

ರಕ್ತ ತೆಳು ಮಾಡುವ ಗುಳಿಗೆಯನ್ನು ನೀವೇ ಶುರು ಮಾಡಬೇಡಿ. ಎರಡನೇ ಅಲೆಯಲ್ಲಿ ಪಕ್ಕದ ಮನೆಯವರ ಚೀಟಿ ನೋಡಿ ಆಸ್ಪಿರಿನ್ ತಂದು ನುಂಗಿದವರನ್ನು ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಮನೆಯಲ್ಲೇ ಇರುವಷ್ಟು ಸಣ್ಣ ಕೊರೊನಾ ಇದ್ದವರಿಗೆ ಆಸ್ಪಿರಿನ್ನನ್ನೂ ರಕ್ತ ತೆಳು ಮಾಡುವ ಇನ್ನೊಂದು ಗುಳಿಗೆ ಅಪಿಕ್ಸಬಾನನ್ನೂ ಕೊಟ್ಟು ನೋಡಿದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಆಸ್ಪತ್ರೆ ಸೇರಿದವರಿಗೆ ಆಸ್ಪಿರಿನ್ ಕೊಟ್ಟಾಗಲೂ, ಬ್ರಿಟನ್ನಿನ ದೊಡ್ಡ ರಿಕವರಿ ಪ್ರಯೋಗದಲ್ಲಿ ಸಾವು ಕಡಿಮೆಯಾಗಲಿಲ್ಲ. ಮಳೆಗಾಲದಲ್ಲಿ ಇದು ಇನ್ನೂ ಅಪಾಯ. ನೆಗಡಿ ಜ್ವರ ಅಂದುಕೊಂಡದ್ದು ಡೆಂಗಿ ಆಗಿದ್ದರೆ, ಪ್ಲೇಟ್‌ಲೆಟ್ ಇಳಿದ ಮೈಗೆ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಬಿದ್ದರೆ ರಕ್ತಸ್ರಾವ ಆಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಹೃದಯಕ್ಕೆ ಸ್ಟೆಂಟ್ ಹಾಕಿ ಡಾಕ್ಟರೇ ಮೊದಲಿನಿಂದ ಆಸ್ಪಿರಿನ್ ಬರೆದಿದ್ದರೆ ಮಾತು ಬೇರೆ. ಅದನ್ನು ನೀವಾಗಿ ನಿಲ್ಲಿಸಬೇಡಿ, ಜ್ವರ ಬಂದಾಗ ಒಂದು ಮಾತು ಕೇಳಿ.

ಎರಡನೆಯದು, ಆರಾಮ ಇರುವವರು ಲ್ಯಾಬಿಗೆ ಹೋಗಿ ಡಿ-ಡೈಮರ್ ಮಾಡಿಸುವುದು. ಹೆಪ್ಪು ಕರಗುವಾಗ ಬರುವ ಚೂರುಗಳ ಅಳತೆ ಅದು. ಜ್ವರದಲ್ಲಿ, ಬಸಿರಿಯರಲ್ಲಿ, ಆಪರೇಷನ್ ಆದಮೇಲೆ, ವಯಸ್ಸಾದಂತೆ ಸುಮ್ಮಸುಮ್ಮನೆ ಏರುತ್ತದೆ. ಸಾಮಾನ್ಯವಾಗಿ 500ರ ಒಳಗೆ ಇರಬೇಕು ಅನ್ನುತ್ತಾರೆ. ಐವತ್ತು ದಾಟಿದವರಿಗೆ ವಯಸ್ಸಿಗೆ ಹತ್ತರಿಂದ ಗುಣಿಸಿ ನೋಡುವ ಪದ್ಧತಿಯೂ ಇದೆ, ಎಪ್ಪತ್ತರ ಅಜ್ಜನಿಗೆ 700. ಸಾಲದ್ದಕ್ಕೆ ಲ್ಯಾಬಿನಿಂದ ಲ್ಯಾಬಿಗೆ ಅಳತೆಯ ಮಾನವೇ ಬೇರೆ ಇರುತ್ತದೆ. ಒಂದರಲ್ಲಿ 0.6 ಅಂತ ಬಂದದ್ದು ಇನ್ನೊಂದರಲ್ಲಿ 600. ಇದನ್ನು ವಾಟ್ಸಾಪಿನಲ್ಲಿ ಕಳಿಸಿ "ಇದು ಜಾಸ್ತಿನಾ?" ಅಂತ ಕೇಳಿದರೆ ಯಾರಿಗೂ ಉತ್ತರ ಹೇಳಲು ಬರುವುದಿಲ್ಲ. ಲಕ್ಷಣ ಇದ್ದಾಗ ಡಾಕ್ಟರು ಬರೆದರೆ ಮಾತ್ರ ಈ ಪರೀಕ್ಷೆಗೆ ಬೆಲೆ.

ಮೂರನೇ ಹೆಜ್ಜೆ: ದಿನಕ್ಕೆರಡು ಸಲ ಕಾಲು ನೋಡುವುದು

ಬೆಳಗ್ಗೆ ಮುಖ ತೊಳೆದ ಮೇಲೆ ಒಮ್ಮೆ, ರಾತ್ರಿ ಉಂಡ ಮೇಲೆ ಒಮ್ಮೆ. ಕೌದಿ ಸರಿಸಿ, ಧೋತರ ಅಥವಾ ಸೀರೆ ಮೊಣಕಾಲಿನ ತನಕ ಏರಿಸಿ. ದೀಪ ಹಚ್ಚಿಯೇ ನೋಡಿ. ಎರಡೂ ಕಾಲು ಒಂದೇ ದಪ್ಪ ಇವೆಯಾ? ಒಂದರ ಚರ್ಮ ಮಿರಮಿರ ಹೊಳೆಯುತ್ತಿದೆಯಾ, ಕೆಂಪಗೋ ನೀಲಿಗೋ ತಿರುಗಿದೆಯಾ? ನಿಮ್ಮ ಅಂಗೈ ಹಿಂಬದಿಯನ್ನು ಎರಡೂ ಮೀನಖಂಡಕ್ಕೆ ಹಚ್ಚಿ. ಒಂದು ಬೆಚ್ಚಗಿದೆಯಾ? ಮೆತ್ತಗೆ ಒತ್ತಿದರೆ ಒಳಗೆ ನೋಯುತ್ತದಾ?

ಅನುಮಾನ ಬಂದರೆ ಟೇಲರ್ ಟೇಪು ತೆಗೆಯಿರಿ. ಮೊಣಕಾಲು ಚಿಪ್ಪಿನ ಕೆಳಗೆ ಮುಂದುಗಡೆ ಒಂದು ಗುಬ್ಬಿಯಂಥ ಎಲುಬು ಕೈಗೆ ಸಿಗುತ್ತದೆ. ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಿಂದ ಗೆರೆ ಹಾಕಿ. ಎರಡೂ ಕಾಲಿಗೆ ಅದೇ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ. ಟೇಪು ಬಿಗಿಯಬಾರದು, ಚರ್ಮಕ್ಕೆ ತಾಗಿದ್ದರೆ ಸಾಕು. ವ್ಯತ್ಯಾಸ 3 ಸೆಂಟಿಮೀಟರ್ ದಾಟಿದರೆ ಅದು ಡಾಕ್ಟರು ಕೂಡ ಲೆಕ್ಕಕ್ಕೆ ಹಿಡಿಯುವ ಗುರುತು. ಅವತ್ತೇ ತೋರಿಸಿ. ಕಾಕಾದು ಆಸ್ಪತ್ರೆಯಲ್ಲಿ ಅಳೆದಾಗ ಎಡಗಾಲು 38, ಬಲಗಾಲು 34 ಇತ್ತು. ಆ ಟೇಪು ಹಿಂದಿನ ದಿನವೂ ವೈನಿಯ ಹೊಲಿಗೆ ಮಷಿನ್ ಮೇಲೇ ಬಿದ್ದಿತ್ತು.

ಎರಡೂ ಕಾಲು ಸಮ ಬಾತಿದ್ದರೆ ಹೃದಯ, ಕಿಡ್ನಿ, ರಕ್ತ ಕಡಿಮೆ ಇರುವುದು ಹೀಗೆ ಬೇರೆ ಕಾರಣ ಇರುವುದೇ ಜಾಸ್ತಿ. ಅದನ್ನೂ ತೋರಿಸಬೇಕು, ಆದರೆ ಒಂದೇ ಕಾಲು ಬಾತರೆ ಇರುವಷ್ಟು ಅವಸರ ಇಲ್ಲ.

ಬಾತ ಕಾಲನ್ನು ತಿಕ್ಕಬೇಡಿ, ಒತ್ತಬೇಡಿ, ಉಪ್ಪಿನ ಕಾವು ಕೊಡಬೇಡಿ, ನಾಟಿ ಪಟ್ಟು ಕಟ್ಟಬೇಡಿ. ಸೊಸೆ ಕಾಲು ಒತ್ತಿದರೆ ಅತ್ತೆಗೆ ಹಿತ ಅನ್ನಿಸುತ್ತದೆ, ಗೊತ್ತು. ಈ ಒಂದು ಸಲ ಬೇಡ.

ನಾಲ್ಕನೇ ಹೆಜ್ಜೆ: ಎದೆ ಮತ್ತು ಉಸಿರು

ಇಲ್ಲೊಂದು ಕಷ್ಟ ಇದೆ. ಕಾಲಿನಲ್ಲಿ ಏನೂ ಕಾಣದೆಯೇ ಶ್ವಾಸಕೋಶದಲ್ಲಿ ಹೆಪ್ಪು ಸಿಗಬಹುದು. ಹಾಗಾಗಿ ಉಸಿರನ್ನೂ ಕಾಯಬೇಕು.

ನ್ಯುಮೋನಿಯಾದ ಏದುಸಿರು ದಿನದಿಂದ ದಿನಕ್ಕೆ ಏರುತ್ತದೆ. ಹೆಪ್ಪಿನದು ಹಾಗಲ್ಲ, ನಿನ್ನೆ ಆರಾಮ ಇದ್ದವರಿಗೆ ಇವತ್ತು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ದಮ್ಮು ಹತ್ತುತ್ತದೆ. ಉದ್ದಕ್ಕೆ ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಕೆಮ್ಮಿದಾಗ ಕಫದಲ್ಲಿ ರಕ್ತ ಬರಬಹುದು, ಕಣ್ಣು ಕತ್ತಲೆ ಬಂದು ಬೀಳಬಹುದು. ನಮ್ಮ ಕಡೆ ಎದೆಯ ಯಾವ ನೋವಿಗೂ ಮೊದಲ ಹೆಸರು "ಗ್ಯಾಸ್". ಸೋಡಾ ಕುಡಿಸಿ, ಓಂಕಾಳು ಜಗಿಸಿ, ಬೆನ್ನು ತಿಕ್ಕಿ ಒಂದು ತಾಸು ಕಳೆಯುತ್ತಾರೆ. ಆ ಒಂದು ತಾಸೇ ಬೇಕಾಗಿದ್ದದ್ದು.

ಆಕ್ಸಿಮೀಟರ್ ಹಾಕುವಾಗ ಐದು ನಿಮಿಷ ಕೂರಿಸಿ, ಕೈ ಬೆಚ್ಚಗೆ ಮಾಡಿ, ಉಗುರಿನ ಬಣ್ಣ ತೆಗೆಯಿರಿ. ಬೆರಳಿಗೆ ಗಾಢವಾಗಿ ಮೆಹಂದಿ ಇದ್ದರೆ ಬೇರೆ ಬೆರಳು ನೋಡಿ. ಅಂಕಿ ನಿಲ್ಲಲು ಒಂದು ನಿಮಿಷ ಬಿಡಿ. 94 ಮತ್ತು ಮೇಲಿದ್ದರೆ ಸದ್ಯಕ್ಕೆ ಸರಿ. 90ರಿಂದ 93 ಅಂದರೆ ಅವತ್ತೇ ಆಸ್ಪತ್ರೆ. 90ರ ಕೆಳಗೆ ಬಂದರೆ ಆಂಬುಲೆನ್ಸ್. ಕುಳಿತಾಗ ಸರಿ ಇದ್ದವರನ್ನು ಮನೆಯೊಳಗೆ ಆರು ನಿಮಿಷ ನಡೆಸಿ ಮತ್ತೆ ನೋಡಿ. 3ಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಫೋನ್ ಮಾಡಿ. ಮಷಿನ್‌ನಲ್ಲಿ ಇನ್ನೊಂದು ಅಂಕಿ ಇರುತ್ತದೆ, ನಾಡಿಯದು. ಅದನ್ನು ಯಾರೂ ನೋಡುವುದಿಲ್ಲ. ಜ್ವರ ಇಲ್ಲ, ಸುಮ್ಮನೆ ಕುಳಿತಿದ್ದಾರೆ, ಆದರೂ ನಾಡಿ 100ರ ಮೇಲೇ ಓಡುತ್ತಿದೆ ಅಂದರೆ ಆಕ್ಸಿಜನ್ 96 ಇದ್ದರೂ ತೋರಿಸಿ.

ಹೆಪ್ಪು ಮೆದುಳಿಗೂ ಕೈಕಾಲಿಗೂ ಹೋಗಬಹುದು. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಶುರುವಾದ ಹೊತ್ತನ್ನು ಗೋಡೆಯ ಗಡಿಯಾರ ನೋಡಿ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಸೂಜಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಒಳಗೇ ಕೊಡಬೇಕು. ಕೈ ಅಥವಾ ಕಾಲು ಒಮ್ಮೆಲೇ ತಣ್ಣಗಾಗಿ, ಬೆಳ್ಳಗಾಗಿ, ವಿಪರೀತ ನೋಯುತ್ತ ಜೋಮು ಹಿಡಿದರೆ ಅದೂ ತಾಸುಗಳ ಲೆಕ್ಕ.

ಐದನೇ ಹೆಜ್ಜೆ: ಒಯ್ಯುವುದು

108ಕ್ಕೆ ಫೋನ್ ಮಾಡಿ. ಊರು, ತಾಲೂಕು, ಹತ್ತಿರದ ಗುಡಿಯೋ ಸಾಲಿಯೋ ಹೇಳಿ. "ದಮ್ಮು ಹತ್ತೈತಿ, ಆಕ್ಸಿಜನ್ ಇರೋ ಗಾಡಿ ಕಳಸರಿ" ಅನ್ನಿ. ಗಾಡಿ ಬರುವ ತನಕ ಅರ್ಧ ಕುಳಿತ ಹಾಗೆ ಒರಗಿಸಿ. ನಡೆಸಬೇಡಿ.

ನಮ್ಮ ಊರುಗಳಲ್ಲಿ ನಾನು ಪದೇಪದೇ ನೋಡಿದ ದೃಶ್ಯ ಒಂದಿದೆ. ಬೈಕಿನ ಮೇಲೆ ಮುಂದೆ ಮಗ, ಹಿಂದೆ ಅಳಿಯ, ನಡುವೆ ಕತ್ತು ವಾಲಿಸಿಕೊಂಡ ಅಪ್ಪ. ಕಬ್ಬಿನ ಟ್ರ್ಯಾಕ್ಟರು ಸಾಲುಗಟ್ಟಿದ ರಸ್ತೆಯಲ್ಲಿ ಹೀಗೆ ಮೂವತ್ತು ಕಿಲೋಮೀಟರ್. ಕಷ್ಟ ಅರ್ಥವಾಗುತ್ತದೆ, ಆದರೆ ಶ್ವಾಸಕೋಶದಲ್ಲಿ ಹೆಪ್ಪು ಇದ್ದವರಿಗೆ ದಾರಿಯಲ್ಲೇ ಬಿಪಿ ಬಿದ್ದರೆ ಬೈಕಿನ ಮೇಲೆ ಮಾಡುವುದು ಏನೂ ಇಲ್ಲ. 108 ತಡ ಅಂದರೆ ಊರಿನ ಯಾವುದಾದರೂ ಕಾರನ್ನೇ ಕೇಳಿ.

ತಾಲೂಕು ಆಸ್ಪತ್ರೆ ಹತ್ತಿರ ಇದ್ದರೆ ಮೊದಲು ಅಲ್ಲಿ ಆಕ್ಸಿಜನ್, ಇಸಿಜಿ ಮಾಡಿಸಿ ಮುಂದೆ ಹೋಗುವುದು ಒಳ್ಳೆಯದು. ಹೆಪ್ಪು ಪತ್ತೆ ಹಚ್ಚುವ ಸಿಟಿ ಆಂಜಿಯೊಗ್ರಾಂ, ಐಸಿಯು ಬೇಕಾದರೆ ಸಾಮಾನ್ಯವಾಗಿ ಜಿಲ್ಲಾ ಊರಿಗೇ ಹೋಗಬೇಕು. ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ, ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ ಇವೆ. ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾ ಆಸ್ಪತ್ರೆ, ಕುಮಾರೇಶ್ವರ ಆಸ್ಪತ್ರೆ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಲ್ ಅಮೀನ್. ಹೊರಡುವ ಮೊದಲು ಒಬ್ಬರು ಫೋನ್ ಹಿಡಿದು ಸಿಟಿ ನಡೆಯುತ್ತಿದೆಯಾ, ಐಸಿಯು ಹಾಸಿಗೆ ಇದೆಯಾ ಕೇಳಲಿ. ಅಥಣಿ, ಕಾಗವಾಡ, ರಾಯಬಾಗದ ಕಡೆಯವರಿಗೆ ಮಿರಜ್ ಹತ್ತಿರ. ಅಲ್ಲಿ ನಮ್ಮ ಆರೋಗ್ಯ ಕಾರ್ಡು ನಡೆಯುತ್ತದಾ ಅಂತ ಅದೇ ಫೋನಿನಲ್ಲಿ ಕೇಳಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದೆ. ರೇಷನ್ ಕಾರ್ಡು, ಆಧಾರ್ ಎರಡೂ ಜೇಬಿನಲ್ಲಿರಲಿ.

ಜೊತೆಗೆ ಈಗ ನುಂಗುತ್ತಿರುವ ಗುಳಿಗೆಗಳ ಚೀಟಿಯನ್ನಷ್ಟೇ ಅಲ್ಲ, ಗುಳಿಗೆಯ ಹಾಳೆಗಳನ್ನೇ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. "ಬಿಳಿ ಗುಳಿಗಿ, ಸಣ್ಣದು" ಅಂದರೆ ನಮಗೆ ಏನೂ ತಿಳಿಯುವುದಿಲ್ಲ.

ಆಸ್ಪತ್ರೆಯಲ್ಲಿ

ಕಾಲಿಗೆ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ, ನೋವಿಲ್ಲ. ರಕ್ತನಾಳಕ್ಕೆ ಬಣ್ಣದ ಔಷಧ ಬಿಟ್ಟು ಎದೆಯ ಸಿಟಿ ತೆಗೆಯುತ್ತಾರೆ. ಕಿಡ್ನಿ ತೊಂದರೆ, ಅಲರ್ಜಿ, ಬಸಿರು ಇದ್ದರೆ ಮೊದಲೇ ಹೇಳಿ. ಹೃದಯದ ಬಲಭಾಗಕ್ಕೆ ಒತ್ತಡ ಬಿದ್ದಿದೆಯಾ ಅಂತ ಎಕೋ, ಅಂದರೆ ಹೃದಯದ ಸ್ಕ್ಯಾನ್, ನೋಡುತ್ತಾರೆ.

ನ್ಯುಮೋನಿಯಾ ಅಂತ ಸೇರಿಸಿದವರ ಮನೆಯವರು ಡಾಕ್ಟರನ್ನು ಒಂದು ಪ್ರಶ್ನೆ ಕೇಳಬಹುದು: "ಹೆಪ್ಪುಗಟ್ಟದ ಹಾಗೆ ಸೂಜಿ ನಡೆದಿದೆಯಾ ಸರ್?" ಕೊರೊನಾದಿಂದ ಆಸ್ಪತ್ರೆ ಸೇರಿದವರಿಗೆ ಕಡಿಮೆ ಪ್ರಮಾಣದ ಈ ಔಷಧ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರ ಜನವರಿಯಲ್ಲಿ ಹೇಳಿತ್ತು. ಕೇಳಿದರೆ ಯಾರೂ ಬೇಜಾರಾಗುವುದಿಲ್ಲ. ಆಗುವವರು ಆಗಲಿ. ಸಾಮಾನ್ಯವಾಗಿ ಕೊಡುವುದು ಎನಾಕ್ಸಪಾರಿನ್ ಅನ್ನುವ ಹೆಪಾರಿನ್ ಸೂಜಿ, ದಿನಕ್ಕೊಮ್ಮೆ 40 ಮಿಲಿಗ್ರಾಂ. ತೂಕ, ಕಿಡ್ನಿ ನೋಡಿ ಹೆಚ್ಚುಕಡಿಮೆ ಮಾಡುತ್ತಾರೆ. ಹೆಪ್ಪು ಇದೆ ಅಂತ ಖಚಿತವಾದರೆ ಪ್ರಮಾಣ ದೊಡ್ಡದಾಗುತ್ತದೆ, ಬಿಪಿ ಬಿದ್ದವರಿಗೆ ಕರಗಿಸುವ ಔಷಧ ಬೇಕಾಗುತ್ತದೆ.

ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಈ ಸೂಜಿ ಚುಚ್ಚುತ್ತೇವೆ. ಮರುದಿನ ನೀಲಿ ಕಲೆ ನೋಡಿ "ಹೊಟ್ಟಿ ಎಲ್ಲಾ ಕರ್ರಗಾಗೇತಿ ಸಿಸ್ಟರ್" ಅಂತ ಗಾಬರಿಯಾಗುತ್ತಾರೆ. ಕಾಸಿನಗಲ ಕಲೆ ಇದ್ದದ್ದೇ. ಚುಚ್ಚಿದ ಜಾಗ ಉಜ್ಜಬೇಡಿ, ಅದರಿಂದಲೇ ಕಲೆ ದೊಡ್ಡದಾಗುವುದು.

ಮನೆಗೆ ಬಂದ ಮೇಲೆ

ಎಲ್ಲರೂ ಮೈಮರೆಯುವ ಹೊತ್ತು ಇದು. ಸ್ವೀಡನ್ನಿನಲ್ಲಿ ಲಕ್ಷಗಟ್ಟಲೆ ಜನರ ದಾಖಲೆ ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊರೊನಾದ ನಂತರ ಕಾಲಿನಲ್ಲಿ ಹೆಪ್ಪುಗಟ್ಟುವ ಸಂಭವ 70 ದಿನಗಳ ತನಕ, ಶ್ವಾಸಕೋಶದಲ್ಲಿ 110 ದಿನಗಳ ತನಕ ಮಾಮೂಲಿಗಿಂತ ಮೇಲೇ ಇತ್ತು. ಅಂದರೆ ಯುಗಾದಿಗೆ ಜ್ವರ ಬಂದವರ ಕಾಲನ್ನು ನಾಗರಪಂಚಮಿ ಹತ್ತಿರ ಬರುವ ತನಕ ಆಗಾಗ ನೋಡುತ್ತಿರಬೇಕು. ದಿನಾ ಟೇಪು ಬೇಡ, ಕಣ್ಣಾಡಿಸಿದರೆ ಸಾಕು. ಬೆಳಗಾವಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನ ಪ್ರಯಾಣವನ್ನು ಕೆಲವು ವಾರ ಮುಂದೂಡಿ. ಹೋಗಲೇಬೇಕಾದರೆ ಬಸ್ಸು ನಿಂತಲ್ಲೆಲ್ಲ ಇಳಿದು ಓಡಾಡಿ.

ಬಹಳ ಅಪಾಯದಲ್ಲಿದ್ದವರಿಗೆ ಹೆಪ್ಪು ಸಿಗದಿದ್ದರೂ ಡಿಸ್ಚಾರ್ಜ್ ಆದಮೇಲೆ ಕೆಲವು ವಾರ ಗುಳಿಗೆ ಬರೆಯಬಹುದು. ಬ್ರೆಜಿಲ್‌ನ ಒಂದು ಪ್ರಯೋಗದಲ್ಲಿ ಇಂಥವರಿಗೆ 35 ದಿನ ರಿವರೊಕ್ಸಬಾನ್ ಅನ್ನುವ ರಕ್ತ ತೆಳು ಮಾಡುವ ಗುಳಿಗೆ ಕೊಟ್ಟು ಲಾಭ ಕಂಡಿದ್ದರು. ಎಲ್ಲರಿಗೂ ಬೇಕಿಲ್ಲ. ಹೆಪ್ಪು ಸಿಕ್ಕವರಿಗೆ ಮಾತ್ರ ಕನಿಷ್ಠ ಮೂರು ತಿಂಗಳ ಗುಳಿಗೆ ಇದ್ದೇ ಇರುತ್ತದೆ.

ರಿವರೊಕ್ಸಬಾನ್ 15 ಅಥವಾ 20 ಮಿಲಿಗ್ರಾಂ ಗುಳಿಗೆಯನ್ನು ಊಟದ ಜೊತೆಗೇ ನುಂಗಬೇಕು, ಬರೀ ಹೊಟ್ಟೆಯಲ್ಲಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಇನ್ನೊಂದು ಗುಳಿಗೆ ವಾರ್ಫರಿನ್ ಅಗ್ಗ, ಆದರೆ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ಪದೇಪದೇ ಬೇಕು. ಅಂಕಿ 2ರಿಂದ 3ರ ನಡುವೆ ನಿಲ್ಲಬೇಕು. ಬಸಿರಿಯರಿಗೆ ಈ ಗುಳಿಗೆಗಳು ಆಗಿಬರುವುದಿಲ್ಲ, ಹೆಪಾರಿನ್ ಸೂಜಿಯೇ ಗತಿ. ಗುಳಿಗೆ ನುಂಗುವಾಗ ಮುಟ್ಟು ತಪ್ಪಿದರೆ ಕೂಡಲೇ ಹೇಳಿ.

ಈ ಗುಳಿಗೆಗಳ ಮೇಲಿರುವವರು ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಟ್ಟಬಾರದು. ಊರಿನ ದವಾಖಾನೆಯಲ್ಲಿ ಸೊಂಟಕ್ಕೆ ನೋವಿನ ಸೂಜಿ ಮಾಡಿಸಿಕೊಳ್ಳುವ ರೂಢಿ ನಮ್ಮಲ್ಲಿ ಜಾಸ್ತಿ. ಸ್ನಾಯುವಿನ ಒಳಗೇ ರಕ್ತ ಸೋರಿ ತೊಡೆ ಕಲ್ಲಿನಂತೆ ಬಾತು ಬಂದವರನ್ನು ನೋಡಿದ್ದೇನೆ. ಸೂಜಿ ಹಿಡಿದವರಿಗೆ ಮೊದಲೇ "ರಕ್ತ ತೆಳು ಮಾಡೋ ಗುಳಿಗಿ ನಡದಾವ್ರಿ" ಅನ್ನಿ. ಹಲ್ಲು ಕೀಳಿಸುವಾಗಲೂ ಅಷ್ಟೇ. ಮಲ ಡಾಂಬರಿನ ಹಾಗೆ ಕಪ್ಪಗಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ ಹೊರಡಿ. ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣದಿದ್ದರೂ ಹೊರಡಿ.

ಕಾಕಾಗೆ ಕೊಟ್ಟದ್ದು ವಾರ್ಫರಿನ್. ಎರಡನೇ ತಿಂಗಳು ಐಎನ್‌ಆರ್ 2.4 ಇದ್ದದ್ದು ಒಮ್ಮೆಲೇ 1.3ಕ್ಕೆ ಬಿತ್ತು. ಗುಳಿಗೆ ತಪ್ಪಿಸಿಲ್ಲ ಅಂತ ಆಣೆ ಮಾಡಿದರು. ಡಾಕ್ಟರು ಪ್ರಮಾಣ ಏರಿಸುವ ಮೊದಲು ಊಟದ ಬಗ್ಗೆ ಕೇಳಿದರು. ಆಗ ವೈನಿ ಬಾಯಿಬಿಟ್ಟರು: ಮಳೆ ಬಿದ್ದು ಹೊಲದಲ್ಲಿ ಹಕ್ಕರಕಿ ಸೊಪ್ಪು ಎದ್ದಿತ್ತು. ರೊಟ್ಟಿಗೆ ದಿನವೂ ಎರಡು ಹಿಡಿ ಹಸಿ ಹಕ್ಕರಕಿ, ಮೇಲೆ ಮೆಂತ್ಯದ ಸೊಪ್ಪು, ಗುರೆಳ್ಳು ಚಟ್ನಿ. ಹಸಿರು ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್ನಿನ ಕೆಲಸವನ್ನು ತಡೆಯುತ್ತದೆ. ಸೊಪ್ಪು ಬಿಡುವುದು ಬೇಡ, ವಾರವಿಡೀ ಒಂದೇ ಅಳತೆ ಇರಲಿ ಅಂದರು ಡಾಕ್ಟರು.

"ಎಷ್ಟು ಎಲಿ ತಿನ್ಲಿ?" ಅಂತ ಕಾಕಾ ಅವತ್ತು ರಾತ್ರಿ ನನಗೆ ಫೋನ್ ಮಾಡಿ ಕೇಳಿದರು. ದಿನಾ ನಾಲ್ಕು ಅಂದೆ. ಮುಂದಿನ ಸಲ ಹೋದಾಗ ತಾಟಿನ ಅಂಚಿನಲ್ಲಿ ನಾಲ್ಕೇ ಎಲೆ ಜೋಡಿಸಿಟ್ಟುಕೊಂಡಿದ್ದರು. ಒಂದೊಂದೂ ಅಂಗೈಯಗಲ.